ರಿಕವರಿ ಮೋಡ್‌ಗೂ ಹೋಗದ ಕಂಪ್ಯೂಟರ್: ಎಲ್ಲಿ ನಿಂತಿದೆ ಎಂದು ಹುಡುಕುವ ಬಗೆ

ವಿಂಡೋಸ್ ಚಾಲೂ ಆಗದಿದ್ದರೆ ರಿಕವರಿಗೆ ಹೋಗಿ ಸರಿ ಮಾಡಿಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ಆ ರಿಕವರಿಯೇ ಬರದಿದ್ದಾಗ ಏನು ಮಾಡಬೇಕು ಎಂಬುದನ್ನು ಹೇಳುವವರು ಕಡಿಮೆ. ಬಾಗಲಕೋಟೆಯ ನವನಗರದಲ್ಲಿ ನನ್ನ ರಿಪೇರಿ ಟೇಬಲ್ಲಿಗೆ ಇಂಥ ಮಷಿನ್‌ಗಳು ಬರುತ್ತಲೇ ಇರುತ್ತವೆ. ಬನಹಟ್ಟಿಯ ಮಗ್ಗದ ಮಾಲೀಕರ ಟ್ಯಾಲಿ ಕಂಪ್ಯೂಟರ್, ಇಳಕಲ್ಲಿನ ಸೀರೆ ಅಂಗಡಿಯ ಬಿಲ್ಲಿಂಗ್ ಮಷಿನ್, ಹಳ್ಳಿಯ ಗ್ರಾಮ ಒನ್ ಕೇಂದ್ರದ ಲ್ಯಾಪ್‌ಟಾಪ್, ಎಲ್ಲ ತರಹದವು. ತಂದವರ ಮಾತು ಮಾತ್ರ ಒಂದೇ: "ಅಣ್ಣಾರ, ಏನೂ ಬರವಲ್ದು. ಫಾರ್ಮ್ಯಾಟ್ ಹೊಡದು ಕೊಟ್ಟಬಿಡ್ರಿ, ಇಪ್ಪತ್ತನೇ ತಾರೀಖಿಗೆ ಜಿಎಸ್‌ಟಿ ತುಂಬೂದೈತಿ."

ದಯವಿಟ್ಟು ಆ ಮಾತನ್ನು ಮೊದಲು ಆಡಬೇಡಿ. ಫಾರ್ಮ್ಯಾಟ್ ಹೊಡೆದರೆ ವಿಂಡೋಸ್ ಬರುತ್ತದೆ, ಆದರೆ ತುಂಬಬೇಕಾದ ಲೆಕ್ಕವೇ ಹೋಗಿರುತ್ತದೆ. ರಿಕವರಿ ಬರದ ಕಂಪ್ಯೂಟರಿನಲ್ಲೂ ಬಹಳ ಸಲ ಡೇಟಾ ಇದ್ದ ಜಾಗದಲ್ಲೇ ಇರುತ್ತದೆ. ಎಲ್ಲಿ ತನಕ ಬಂದು ನಿಂತಿದೆ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ರಿಕವರಿ ಅಂದರೆ ಏನು

ಅದು ಬಯೋಸ್ (ಕಂಪ್ಯೂಟರನ್ನು ಮೊದಲು ಎಬ್ಬಿಸುವ, ಬೋರ್ಡಿನಲ್ಲೇ ಇರುವ ಪ್ರೋಗ್ರಾಮ್) ಚಿಪ್ಪಿನೊಳಗೆ ಇರುವ ವಸ್ತು ಅಲ್ಲ. ನಿಮ್ಮ ಅದೇ ಡಿಸ್ಕಿನಲ್ಲಿ, ಸಾಮಾನ್ಯವಾಗಿ ಕಣ್ಣಿಗೆ ಕಾಣದ ಒಂದು ಸಣ್ಣ ಪಾರ್ಟಿಶನ್ನಿನಲ್ಲಿ ಕೂತಿರುವ ಇನ್ನೊಂದು ಪುಟ್ಟ ವಿಂಡೋಸ್. ಅದರ ಫೈಲಿನ ಹೆಸರು ವಿನ್‌ಆರ್‌ಇ ಡಾಟ್ ವಿಮ್. ಕಂಪ್ಯೂಟರ್ ಆನ್ ಆದಾಗ ಬಯೋಸ್ ಬೂಟ್ ಮ್ಯಾನೇಜರನ್ನು, ಅಂದರೆ ವಿಂಡೋಸನ್ನು ಚಾಲೂ ಮಾಡಿಸುವ ಪ್ರೋಗ್ರಾಮನ್ನು, ಹುಡುಕುತ್ತದೆ. ಬೂಟ್ ಮ್ಯಾನೇಜರ್ ಬಿಸಿಡಿ ಎಂಬ ಪಟ್ಟಿಯನ್ನು ಓದುತ್ತದೆ. ರಿಕವರಿ ಎಲ್ಲಿದೆ ಎಂದು ಆ ಪಟ್ಟಿಯಲ್ಲಿ ಬರೆದಿರುತ್ತದೆ. ಅಲ್ಲಿಂದ ಆ ವಿಮ್ ಫೈಲನ್ನು ಎತ್ತಿ ಪೂರ್ತಿಯಾಗಿ ರ‍್ಯಾಮಿಗೆ ತುಂಬಿಕೊಂಡು ಅಲ್ಲಿಂದಲೇ ಓಡಿಸುತ್ತದೆ. ರಿಕವರಿಯ ಕಪ್ಪು ಕಿಟಕಿಯಲ್ಲಿ (ಕಮಾಂಡ್ ಪ್ರಾಂಪ್ಟ್) ಸಿ ಬದಲು ಎಕ್ಸ್ ಡ್ರೈವ್ ಕಾಣುವುದು ಇದೇ ಕಾರಣಕ್ಕೆ.

ಸ್ಟೆಪ್ನಿ ಅದೇ ಗಾಡಿಯಲ್ಲಿ ಇರುವಂತೆ ರಿಕವರಿ ಅದೇ ಡಿಸ್ಕಿನಲ್ಲಿ ಇದೆ. ಡಿಸ್ಕ್ ಕೆಟ್ಟರೆ ಎರಡೂ ಹೋಗುತ್ತವೆ. ರ‍್ಯಾಮ್ ಕೆಟ್ಟರೂ ಎರಡೂ ನಿಲ್ಲುತ್ತವೆ. ಬಿಸಿಡಿ ಪಟ್ಟಿ ಹಾಳಾದರೆ ಎರಡಕ್ಕೂ ದಾರಿ ತಪ್ಪುತ್ತದೆ. ಆದ್ದರಿಂದ ರಿಕವರಿ ಬರುತ್ತಿಲ್ಲ ಎನ್ನುವುದೇ ಒಂದು ಲಕ್ಷಣ. ಅದನ್ನು ಹಾಗೇ ಬಿಡದೆ ಓದಬೇಕು.

ಮೊದಲು ಕರೆಂಟು, ರ‍್ಯಾಮ್, ಹಚ್ಚಿದ ಸಾಮಾನು

ಕಂಪನಿಯ ಲೋಗೋ ಕೂಡ ಬರದೆ ಸ್ಕ್ರೀನ್ ಕಪ್ಪಗೇ ಇದ್ದರೆ ವಿಂಡೋಸಿನ ತಂಟೆಗೆ ಹೋಗುವ ಕಾರಣವೇ ಇಲ್ಲ. ಮಾತು ಇನ್ನೂ ಅಲ್ಲಿಗೆ ಬಂದಿಲ್ಲ. ಎಫ್11 ಎಷ್ಟು ಬಡಿದರೂ ಪ್ರಯೋಜನ ಇಲ್ಲ.

ನಮ್ಮ ಕಡೆ ಇದರ ಹಿಂದೆ ಎರಡು ಕಾರಣ ಬಹಳ ಸಲ ಕಾಣುತ್ತವೆ. ಒಂದು, ವೋಲ್ಟೇಜ್. ಒಂದೇ ಟ್ರಾನ್ಸ್‌ಫಾರ್ಮರಿನ ಮೇಲೆ ಮಗ್ಗದ ಮೋಟಾರುಗಳೂ ಕಂಪ್ಯೂಟರೂ ಇದ್ದರೆ ಮೋಟಾರು ಎಳೆದಾಗಲೆಲ್ಲ ವೋಲ್ಟೇಜ್ ಕುಸಿಯುತ್ತದೆ. ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟು ಕೊಡುವ ಡಬ್ಬಿ) ವರ್ಷಗಟ್ಟಲೆ ಅದನ್ನು ತಾಳಿಕೊಂಡು ಕೊನೆಗೆ ಅರೆಬರೆ ಕೆಲಸ ಮಾಡತೊಡಗುತ್ತದೆ. ಫ್ಯಾನ್ ತಿರುಗುತ್ತದೆ, ಲೈಟು ಹತ್ತುತ್ತದೆ, ಆದರೆ ಬೂಟ್ ನಡುವೆ ಪಟಕ್ಕನೆ ರೀಸ್ಟಾರ್ಟ್. ಇದು ವಿಂಡೋಸಿನ ದೋಷದಂತೆಯೇ ಕಾಣುತ್ತದೆ. ಸರಿ ಇರುವ ಇನ್ನೊಂದು ಎಸ್‌ಎಂಪಿಎಸ್ ಹಚ್ಚಿ ನೋಡುವುದೇ ನಂಬಿಕೆಯ ಪರೀಕ್ಷೆ.

ಇನ್ನೊಂದು, ಧೂಳು. ಮಗ್ಗದ ಶೆಡ್ಡಿನ ಪಕ್ಕದ ಕೋಣೆಯಲ್ಲಿಟ್ಟ ಕ್ಯಾಬಿನೆಟ್ಟಿನ ಬಾಗಿಲು ತೆಗೆದರೆ ಪ್ರೊಸೆಸರ್ ಫ್ಯಾನಿನ ಕೆಳಗೆ ನೂಲಿನ ಜುಂಗು ಬೂದುಬಣ್ಣದ ಕಂಬಳಿಯಂತೆ ಒತ್ತಿಕೊಂಡಿರುತ್ತದೆ. ಬೆರಳಿನಿಂದ ಎತ್ತಿದರೆ ಒಂದೇ ಪದರಾಗಿ ಎದ್ದು ಬರುತ್ತದೆ. ಅದೇ ಜುಂಗು ರ‍್ಯಾಮ್ ಸ್ಲಾಟಿನ ಮೂಲೆಗೂ ಸೇರಿರುತ್ತದೆ. ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡು ಒತ್ತಿ ಹಿಡಿದು ಉಳಿದ ಕರೆಂಟು ಇಳಿಸಿ, ರ‍್ಯಾಮ್ ಕಿತ್ತು ಅದರ ಚಿನ್ನದ ಬಣ್ಣದ ಕಾಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ತಿಕ್ಕಿ, ಸ್ಲಾಟಿಗೆ ಬ್ರಷ್ ಆಡಿಸಿ ಮತ್ತೆ ಕೂರಿಸಿ. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ನೋಡಿ. ರಿಕವರಿ ಪೂರ್ತಿ ರ‍್ಯಾಮಿನಲ್ಲೇ ಓಡುವುದರಿಂದ ಒಂದು ರ‍್ಯಾಮ್ ಹದಗೆಟ್ಟಿದ್ದರೂ ಚುಕ್ಕೆಗಳು ತಿರುಗುತ್ತ ನಡುವೆ ಹೆಪ್ಪುಗಟ್ಟಿದಂತೆ ನಿಂತುಬಿಡುತ್ತದೆ.

ತಾರೀಖು, ವೇಳೆ ಪ್ರತಿ ಸಲ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ಸಿಆರ್2032 ಸೆಲ್ ಮುಗಿದಿದೆ. ಮೂರು ವೋಲ್ಟಿನ ಗುಂಡನೆಯ ಸೆಲ್ ಅದು. ಅದು ಸತ್ತಾಗ ಹಲವು ಬೋರ್ಡುಗಳಲ್ಲಿ ಬಯೋಸ್ ಸೆಟ್ಟಿಂಗ್ ಮೊದಲಿನ ಸ್ಥಿತಿಗೆ ಬಿದ್ದು, ಬೂಟ್ ಮೋಡ್ ಯುಇಎಫ್‌ಐ (ಹೊಸ ರೀತಿ) ಇದ್ದದ್ದು ಲೆಗಸಿ (ಹಳೆ ರೀತಿ) ಆಗಿ, ವಿಂಡೋಸೂ ಇಲ್ಲ ರಿಕವರಿಯೂ ಇಲ್ಲ ಎಂಬಂತಾಗುತ್ತದೆ. ಸೆಲ್ ಬದಲಿಸಿ ಬೂಟ್ ಮೋಡನ್ನು ಮೊದಲಿನಂತೆ ಇಟ್ಟರೆ ಎಷ್ಟೋ ಸಲ ಅಷ್ಟಕ್ಕೇ ಎಲ್ಲ ಸರಿಹೋಗುತ್ತದೆ.

ಪ್ರಿಂಟರ್, ಪೆನ್‌ಡ್ರೈವ್, ಬೆರಳಚ್ಚು ತೆಗೆದುಕೊಳ್ಳುವ ಯಂತ್ರ, ವೆಬ್‌ಕ್ಯಾಮ್ ಎಲ್ಲವನ್ನೂ ಕಿತ್ತು ಬರೀ ಕೀಬೋರ್ಡ್ ಮೌಸ್ ಬಿಟ್ಟು ನೋಡಿ. ಗ್ರಾಮ ಒನ್ ಕೇಂದ್ರಗಳ ಮಷಿನ್‌ಗೆ ಇದು ಮುಖ್ಯ, ಅಲ್ಲಿ ಯುಎಸ್‌ಬಿಗೆ ಜಾಗವೇ ಉಳಿದಿರುವುದಿಲ್ಲ.

ಕರೆಯುವ ರೀತಿ ಸರಿ ಇದೆಯೇ

ವಿಂಡೋಸ್ 7ರ ಕಾಲದ ಎಫ್8 ಅಭ್ಯಾಸ ಇನ್ನೂ ಹೋಗಿಲ್ಲ. ವಿಂಡೋಸ್ 8ರಿಂದ ಈಚೆಗೆ ಆ ಕೀ ಮೊದಲಿನಿಂದಲೇ ಬಂದ್ ಇರುತ್ತದೆ. ಬಡಿದು ಬಡಿದು ಬರಲಿಲ್ಲ ಎಂದರೆ ಅದು ದೋಷವಲ್ಲ.

ವಿಂಡೋಸ್ ಒಳಗೆ ಹೋಗುತ್ತಿದ್ದರೆ ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಒತ್ತಿ. ಲಾಗಿನ್ ಸ್ಕ್ರೀನಿನ ಪವರ್ ಗುರುತಿನಲ್ಲೂ ಇದು ನಡೆಯುತ್ತದೆ. ವಿಂಡೋಸ್ ಬರುವುದೇ ಇಲ್ಲವಾದರೆ, ಎರಡು ಸಲ ಸಾಲಾಗಿ ಬೂಟ್ ವಿಫಲವಾದ ಮೇಲೆ ವಿಂಡೋಸ್ ತಾನೇ ರಿಕವರಿಗೆ ಹೋಗಲು ನೋಡುತ್ತದೆ. ಲೋಗೋ ಬಂದು ಚುಕ್ಕೆಗಳು ತಿರುಗತೊಡಗಿದಾಗ ಪವರ್ ಬಟನ್ ಒತ್ತಿ ಹಿಡಿದು ಬಂದ್ ಮಾಡಿ, ಹೀಗೆ ಎರಡು ಸಲ ಮಾಡಿ ಮೂರನೆಯದಕ್ಕೆ ಬಿಡಿ. ಆದರೆ ಹಾರ್ಡ್‌ಡಿಸ್ಕಿನಿಂದ ಕಟಕಟ ಸದ್ದು ಬರುತ್ತಿದ್ದರೆ ಈ ಆಟ ಬೇಡವೇ ಬೇಡ.

ಹಲವು ಕಂಪನಿಗಳು ತಮ್ಮದೇ ಕೀ ಇಟ್ಟಿವೆ. ಎಚ್‌ಪಿಯಲ್ಲಿ ಎಫ್11, ಏಸಸ್ ಲ್ಯಾಪ್‌ಟಾಪಿನಲ್ಲಿ ಎಫ್9, ಏಸರಿನಲ್ಲಿ ಆಲ್ಟ್ ಜೊತೆ ಎಫ್10, ಲೆನೊವೊದ ಹಲವು ಮಾಡೆಲ್‌ಗಳಲ್ಲಿ ಪಕ್ಕದಲ್ಲಿ ಸೂಜಿಯಿಂದ ಒತ್ತುವ ನೋವೊ ಬಟನ್. ಲ್ಯಾಪ್‌ಟಾಪಿನಲ್ಲಿ ಎಫ್ಎನ್ ಕೀ ಲಾಕ್ ಆಗಿದ್ದರೆ ಎಫ್ ಸಾಲು ಬೆಳಕು, ದನಿಗೆ ಹೋಗಿಬಿಡುತ್ತದೆ. ಎಫ್ಎನ್ ಜೊತೆಯೂ ಒತ್ತಿ ನೋಡಿ. ವೈರ್‌ಲೆಸ್ ಕೀಬೋರ್ಡ್ ಬಿಟ್ಟು ತಂತಿಯದ್ದನ್ನು ಹಿಂಬದಿಯ ಯುಎಸ್‌ಬಿಗೆ ಹಚ್ಚಿ.

ಎಲ್ಲಿ ಬಂದು ನಿಂತಿತು

ಇನ್ನು ನಿಜವಾದ ಹುಡುಕಾಟ. ಸ್ಕ್ರೀನಿನ ಮೇಲೆ ಏನು ಬಂತೋ ಅದರ ಫೋಟೊವನ್ನು ಫೋನಿನಲ್ಲಿ ತೆಗೆದಿಡಿ. ರಿಪೇರಿಯವರಿಗೆ "ಏನೋ ನೀಲಿ ಬಂತು" ಎನ್ನುವುದಕ್ಕಿಂತ ಆ ಫೋಟೊ ನೂರು ಪಾಲು ಉಪಯೋಗ.

ನೀಲಿ ಸ್ಕ್ರೀನಿನಲ್ಲಿ ಕಂಪ್ಯೂಟರಿಗೆ ರಿಪೇರಿ ಬೇಕು ಎಂಬ ಸಂದೇಶ, ಕೆಳಗೆ ಸೊನ್ನೆ ಎಕ್ಸ್ ಎಂದು ಶುರುವಾಗುವ ಕೋಡು ಬಂದರೆ ಎಲ್ಲರೂ ಕೋಡನ್ನೇ ನೋಡುತ್ತಾರೆ. ನಾನು ಮೊದಲು ನೋಡುವುದು ಅದರ ಪಕ್ಕದ ಫೈಲ್ ಎಂಬ ಸಾಲು. ಅಲ್ಲಿ ಬಿಸಿಡಿ ಎಂದಿದ್ದರೆ ಬೂಟ್ ಪಟ್ಟಿ ಹಾಳಾಗಿದೆ. ವಿನ್‌ಲೋಡ್ ಎಂದಿದ್ದರೆ ಮುಖ್ಯ ವಿಂಡೋಸಿನ ಫೈಲು ಸಿಗುತ್ತಿಲ್ಲ. ವಿನ್‌ಆರ್‌ಇ ಅಥವಾ ಬೂಟ್ ಡಾಟ್ ಎಸ್‌ಡಿಐ ಎಂದಿದ್ದರೆ ರಿಕವರಿಯ ಸ್ವಂತ ಫೈಲೇ ಇಲ್ಲ, ಅಥವಾ ಡಿಸ್ಕಿನ ಆ ಭಾಗ ಓದಲು ಬರುತ್ತಿಲ್ಲ.

ಚುಕ್ಕೆಗಳು ತಿರುಗುತ್ತ ಗಂಟೆಗಟ್ಟಲೆ ಅಲ್ಲೇ ಇದ್ದರೆ ನನ್ನ ಮೊದಲ ಅನುಮಾನ ಡಿಸ್ಕಿನ ಮೇಲೆ, ಅದರಲ್ಲೂ ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ. ಹಾಳಾದ ಸೆಕ್ಟರನ್ನು ಅದು ಮತ್ತೆ ಮತ್ತೆ ಓದಲು ಹೆಣಗುತ್ತಿರುತ್ತದೆ.

ರಿಕವರಿ ಬಂದು ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ವ್ಯವಸ್ಥೆ) ಕೀ ಕೇಳಿದರೆ ರಿಕವರಿ ಸರಿಯಾಗಿಯೇ ಇದೆ, ಬೀಗದ ಕೈ ಬೇಕಷ್ಟೆ. ಅದು 48 ಅಂಕಿಯ ಸಂಖ್ಯೆ. ವಿಂಡೋಸಿಗೆ ಲಾಗಿನ್ ಆದ ಮೈಕ್ರೋಸಾಫ್ಟ್ ಅಕೌಂಟನ್ನು ಫೋನಿನಲ್ಲಿ ತೆರೆದರೆ ಡಿವೈಸುಗಳ ಪಟ್ಟಿಯಲ್ಲಿ ಸಿಗುತ್ತದೆ. ಸ್ಕ್ರೀನಿನ ಮೇಲಿನ ಕೀ ಐಡಿಯ ಮೊದಲ ಎಂಟು ಅಕ್ಷರ ತಾಳೆ ನೋಡಿ. ನಮ್ಮೂರುಗಳಲ್ಲಿ ಇಲ್ಲೊಂದು ತೊಡಕಿದೆ: ಲ್ಯಾಪ್‌ಟಾಪ್ ಕೊಂಡ ದಿನ ಅಂಗಡಿಯ ಹುಡುಗ ತನ್ನದೋ ಇನ್ಯಾರದೋ ಮೇಲ್ ಐಡಿ ಹಾಕಿ ಚಾಲೂ ಮಾಡಿಕೊಟ್ಟಿರುತ್ತಾನೆ. ಕೀ ಆ ಅಕೌಂಟಿನಲ್ಲಿ ಕೂತಿರುತ್ತದೆ. ಕೀ ಎಲ್ಲೂ ಸಿಗದಿದ್ದರೆ ಆ ಡಿಸ್ಕಿನ ಡೇಟಾವನ್ನು ಯಾವ ರಿಪೇರಿಯವನೂ ತೆಗೆಯಲಾರ. ತೆಗೆಯುತ್ತೇನೆ ಎಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ. ಕೀ ಕೈಗೆ ಬರುವ ತನಕ ಬಯೋಸ್ ಅಪ್‌ಡೇಟ್, ಟಿಪಿಎಂ (ಆ ಬೀಗವನ್ನು ಕಾಯುವ ಚಿಪ್) ಕ್ಲಿಯರ್, ಸೆಕ್ಯೂರ್ ಬೂಟ್ ಬದಲಾವಣೆ ಯಾವುದನ್ನೂ ಮುಟ್ಟಬೇಡಿ.

ರಿಕವರಿ ಬಂದು ಕೀಬೋರ್ಡ್ ಮೌಸ್ ಎರಡೂ ಸತ್ತಂತಿದ್ದರೆ ಅದಕ್ಕೆ ಗೊತ್ತಿರುವ ಒಂದು ಕಾರಣ ಇದೆ. ವಿಂಡೋಸ್ 11ರ 24ಎಚ್2 ಮತ್ತು 25ಎಚ್2 ಆವೃತ್ತಿಗಳಿಗೆ 2025ರ ಅಕ್ಟೋಬರ್ 14ರಂದು ಬಂದ ಕೆಬಿ5066835 ಅಪ್‌ಡೇಟಿನಿಂದ ರಿಕವರಿಯೊಳಗೆ ಯುಎಸ್‌ಬಿ ಕೀಬೋರ್ಡ್, ಮೌಸ್ ಕೆಲಸ ಮಾಡುವುದು ನಿಂತಿತು. ವಿಂಡೋಸ್ ಒಳಗೆ ಮಾತ್ರ ಎಲ್ಲ ಸರಿ. ಅಕ್ಟೋಬರ್ 20ರಂದು ಕೆಬಿ5070773 ಎಂಬ ತುರ್ತು ಅಪ್‌ಡೇಟಿನಲ್ಲಿ ಅದನ್ನು ಸರಿಪಡಿಸಿದರು. ಆ ನಡುವೆ ಸಿಕ್ಕಿಹಾಕಿಕೊಂಡ ಮಷಿನ್‌ನಲ್ಲಿ ಹಿಂದೆ ಗುಂಡನೆಯ ಹಳೆಯ ಪಿಎಸ್2 ಪೋರ್ಟ್ ಇದ್ದರೆ ಆ ಜಾತಿಯ ಕೀಬೋರ್ಡ್ ಹಚ್ಚಿ, ಅದು ನಡೆಯುತ್ತದೆ. ಇಲ್ಲವಾದರೆ ಪೆನ್‌ಡ್ರೈವ್ ದಾರಿ.

ಪೆನ್‌ಡ್ರೈವ್: ಮದ್ದೂ ಹೌದು, ಪರೀಕ್ಷೆಯೂ ಹೌದು

ಕನಿಷ್ಠ 8 ಜಿಬಿಯ ಖಾಲಿ ಪೆನ್‌ಡ್ರೈವ್ ಒಂದನ್ನು ಸರಿ ಇರುವ ಕಂಪ್ಯೂಟರಿಗೆ ಹಾಕಿ, ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಶನ್ ಟೂಲಿನಿಂದ ವಿಂಡೋಸ್ ತುಂಬಿ. ಅದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಮಕ್ಕಳ ಫೋಟೊ ಇರುವ ಪೆನ್‌ಡ್ರೈವ್ ತರಬೇಡಿ. ಕೆಟ್ಟ ಮಷಿನ್‌ಗೆ ಹಾಕಿ ಬೂಟ್ ಮೆನು ಕರೆಯಿರಿ. ಡೆಲ್, ಲೆನೊವೊ, ಗಿಗಾಬೈಟ್ ಬೋರ್ಡಿನಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಎಂಎಸ್‌ಐ ಬೋರ್ಡಿನಲ್ಲಿ ಎಫ್11, ಏಸಸ್ ಬೋರ್ಡಿನಲ್ಲಿ ಎಫ್8. ಇನ್‌ಸ್ಟಾಲ್ ಸ್ಕ್ರೀನ್ ಬಂದಾಗ ಇನ್‌ಸ್ಟಾಲ್ ಒತ್ತದೆ ರಿಪೇರ್ ಯುವರ್ ಕಂಪ್ಯೂಟರ್ ಎಂಬುದನ್ನು ಹಿಡಿಯಿರಿ. ನಿಮ್ಮ ಡಿಸ್ಕಿನದಲ್ಲ, ಅದೇ ತರಹದ ಇನ್ನೊಂದು ರಿಕವರಿ ಈಗ ಪೆನ್‌ಡ್ರೈವಿನಿಂದ ಓಡುತ್ತಿದೆ.

ಪೆನ್‌ಡ್ರೈವಿನದು ಚೊಕ್ಕವಾಗಿ ಬಂದರೆ ರ‍್ಯಾಮ್, ಬೋರ್ಡ್ ಬಹುತೇಕ ಸರಿ ಇವೆ, ದೋಷ ಡಿಸ್ಕಿನಲ್ಲಿ ಅಥವಾ ಡಿಸ್ಕಿನ ಮೇಲಿನ ಫೈಲುಗಳಲ್ಲಿ. ಪೆನ್‌ಡ್ರೈವಿನದೂ ತಿರುಗುತ್ತ ನಿಂತರೆ ಡಿಸ್ಕಿನ ಕೇಬಲ್ ಕಿತ್ತು ಇನ್ನೊಮ್ಮೆ ಬೂಟ್ ಮಾಡಿ. ಡಿಸ್ಕ್ ಇಲ್ಲದಾಗ ಸರಾಗವಾಗಿ ಬಂದರೆ ಡಿಸ್ಕೇ ಸಾಯುತ್ತಿದೆ. ಆಗಲೂ ನಿಂತರೆ ಮತ್ತೆ ರ‍್ಯಾಮಿಗೇ ಹೋಗಬೇಕು.

ಇಂಟೆಲ್ 11ನೇ ತಲೆಮಾರಿನಿಂದ ಈಚಿನ ಹಲವು ಲ್ಯಾಪ್‌ಟಾಪುಗಳಲ್ಲಿ ಪೆನ್‌ಡ್ರೈವ್ ಬಂದರೂ ಡಿಸ್ಕ್ ಕಾಣುವುದೇ ಇಲ್ಲ. ಎಸ್ಎಸ್‌ಡಿ ಹೋಗಿದೆ ಎಂದು ಗಾಬರಿ ಬೀಳಬೇಡಿ. ವಿಎಂಡಿ ಎಂಬ ಕಂಟ್ರೋಲರಿನ ಡ್ರೈವರ್ ಪೆನ್‌ಡ್ರೈವಿನಲ್ಲಿ ಇರುವುದಿಲ್ಲ, ಅಷ್ಟೆ. ಲ್ಯಾಪ್‌ಟಾಪ್ ಕಂಪನಿಯ ತಾಣದಿಂದ ಆ ಡ್ರೈವರ್ ಇಳಿಸಿ ಲೋಡ್ ಮಾಡಿ. ಬಯೋಸಿನಲ್ಲಿ ವಿಎಂಡಿಯನ್ನೇ ಬಂದ್ ಮಾಡಿದರೆ ಡಿಸ್ಕ್ ಕಾಣುತ್ತದೆ, ಆದರೆ ಇದ್ದ ವಿಂಡೋಸ್ ಅದರಿಂದಲೇ ಬೂಟ್ ಆಗದೆ ಹೋಗಬಹುದು.

ಮೊದಲು ಡೇಟಾ

ಇಲ್ಲಿ ಅವಸರ ಬೇಡ. ಅಡ್ವಾನ್ಸ್ಡ್ ಆಪ್ಶನ್ಸ್ ಒಳಗೆ ಕಮಾಂಡ್ ಪ್ರಾಂಪ್ಟ್ ತೆರೆದು ನೋಟ್‌ಪ್ಯಾಡ್ ಎಂದು ಟೈಪ್ ಮಾಡಿ. ಬರುವ ನೋಟ್‌ಪ್ಯಾಡಿನಲ್ಲಿ ಫೈಲ್, ಓಪನ್ ಒತ್ತಿ, ಕೆಳಗೆ ಟೆಕ್ಸ್ಟ್ ಡಾಕ್ಯುಮೆಂಟ್ ಬದಲು ಆಲ್ ಫೈಲ್ಸ್ ಆರಿಸಿ. ಆ ಸಣ್ಣ ಕಿಟಕಿಯೇ ಈಗ ನಿಮ್ಮ ಎಕ್ಸ್‌ಪ್ಲೋರರ್. ಡ್ರೈವಿನ ಅಕ್ಷರ ಬದಲಾಗಿರುತ್ತವೆ, ಸಿ ಇದ್ದದ್ದು ಡಿ ಆಗಿರಬಹುದು. ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ ಕಾಪಿ, ಇನ್ನೊಂದು ಎಕ್ಸ್‌ಟರ್ನಲ್ ಡಿಸ್ಕಿಗೆ ಹೋಗಿ ಪೇಸ್ಟ್. ಎಷ್ಟಾಯಿತು ಎಂದು ತೋರಿಸುವ ಪಟ್ಟಿ ಬರುವುದಿಲ್ಲ, ಕಿಟಕಿ ಅಲುಗಾಡದೆ ನಿಂತಂತೆ ಇರುತ್ತದೆ. ಕಾಯಿರಿ.

ಟ್ಯಾಲಿ ಪ್ರೈಮಿನ ಡೇಟಾ ಸಾಮಾನ್ಯವಾಗಿ ಯೂಸರ್ಸ್, ಪಬ್ಲಿಕ್, ಟ್ಯಾಲಿಪ್ರೈಮ್, ಡೇಟಾ ಎಂಬ ದಾರಿಯಲ್ಲಿ ಅಂಕಿಗಳ ಹೆಸರಿನ ಫೋಲ್ಡರುಗಳಲ್ಲಿ ಇರುತ್ತದೆ. ನುಡಿಯಲ್ಲಿ ಟೈಪ್ ಮಾಡಿದ ಅರ್ಜಿ, ಠರಾವು, ಪತ್ರಗಳು ಹೆಚ್ಚಾಗಿ ಡೆಸ್ಕ್‌ಟಾಪಿನಲ್ಲಿ ಚೆಲ್ಲಾಡಿರುತ್ತವೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರನ್ನೂ ತೆಗೆದುಕೊಳ್ಳಿ. ಕಾಪಿ ಮಾಡಿದ್ದನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ, ಆಮೇಲೆ ಮುಂದಿನ ಮಾತು.

ಡಿಸ್ಕ್ ಸದ್ದು ಮಾಡುತ್ತಿದ್ದರೆ, ಕಾಪಿ ನಡುವೆ ಮತ್ತೆ ಮತ್ತೆ ನಿಲ್ಲುತ್ತಿದ್ದರೆ, ಚೆಕ್‌ಡಿಸ್ಕನ್ನು ಸ್ಲ್ಯಾಶ್ ಆರ್ ಜೊತೆ ಓಡಿಸಬೇಡಿ. ಅದು ಇಡೀ ಡಿಸ್ಕನ್ನು ಮೂಲೆ ಮೂಲೆ ಓದಿಸಿ ಉಳಿದ ಜೀವವನ್ನೂ ತೆಗೆಯುತ್ತದೆ. ಬೇಕಾದದ್ದನ್ನು ಮಾತ್ರ ಎತ್ತಿಕೊಂಡು, ಅದೂ ಆಗದಿದ್ದರೆ ಬಂದ್ ಮಾಡಿ ಡೇಟಾ ರಿಕವರಿ ಮಾಡುವವರ ಕೈಗೆ ಕೊಡಿ.

ಬೂಟ್ ಪಟ್ಟಿ ಸರಿ ಮಾಡುವುದು

ಡಿಸ್ಕ್ ಗಟ್ಟಿ ಇದೆ, ಬಿಸಿಡಿ ಮಾತ್ರ ಹಾಳು ಎಂದಾದರೆ ಮೊದಲು ಸ್ಟಾರ್ಟಪ್ ರಿಪೇರ್ ಒತ್ತಿ ನೋಡಿ. ಅದರಿಂದ ಆಗದಿದ್ದರೆ ಕಮಾಂಡ್ ಪ್ರಾಂಪ್ಟಿನಲ್ಲಿ ಡಿಸ್ಕ್‌ಪಾರ್ಟ್ ತೆರೆದು ಲಿಸ್ಟ್ ವಾಲ್ಯೂಮ್ ಕೊಡಿ. ಫ್ಯಾಟ್32 ಎಂದಿರುವ, ನೂರರಿಂದ ಕೆಲವು ನೂರು ಎಂಬಿಯ ಸಣ್ಣ ವಾಲ್ಯೂಮ್ ಬೂಟ್ ಪಾರ್ಟಿಶನ್. ಪೆನ್‌ಡ್ರೈವೂ ಫ್ಯಾಟ್32 ಆಗಿರುತ್ತದೆ, ಗಾತ್ರ ನೋಡಿ ಬೇರೆ ಮಾಡಿ. ಅದನ್ನು ಸೆಲೆಕ್ಟ್ ಮಾಡಿ ಎಸ್ ಎಂಬ ಅಕ್ಷರ ಅಸೈನ್ ಮಾಡಿ ಹೊರಬನ್ನಿ. ಆಮೇಲೆ ಬಿಸಿಡಿಬೂಟ್ ಕಮಾಂಡಿಗೆ ನಿಮ್ಮ ವಿಂಡೋಸ್ ಫೋಲ್ಡರಿನ ದಾರಿ, ಸ್ಲ್ಯಾಶ್ ಎಸ್ ಜೊತೆ ಎಸ್ ಡ್ರೈವ್, ಸ್ಲ್ಯಾಶ್ ಎಫ್ ಜೊತೆ ಯುಇಎಫ್‌ಐ. ಬೂಟ್ ಫೈಲುಗಳು ಹೊಸದಾಗಿ ಕೂರುತ್ತವೆ. ಡಿಸ್ಕ್‌ಪಾರ್ಟಿನಲ್ಲಿ ಕ್ಲೀನ್ ಎಂಬ ಶಬ್ದವನ್ನು ಅಪ್ಪಿತಪ್ಪಿಯೂ ಟೈಪ್ ಮಾಡಬೇಡಿ, ಅದು ಆಯ್ದ ಡಿಸ್ಕಿನ ಪಾರ್ಟಿಶನ್ನುಗಳನ್ನೆಲ್ಲ ಒರೆಸಿಹಾಕುತ್ತದೆ.

ವಿಂಡೋಸ್ ಬಂತು, ರಿಕವರಿ ಇನ್ನೂ ಇಲ್ಲ

ಹೆಚ್ಚಿನವರು ಇಲ್ಲಿಗೇ ಬಿಡುತ್ತಾರೆ. ಬಿಡಬೇಡಿ. ಮುಂದಿನ ಸಲ ಕರೆಂಟು ಹೋಗಿ ಮಷಿನ್ ಕೆಟ್ಟಾಗ ಮತ್ತೆ ಇದೇ ಪಾಡು.

ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ರೀಏಜೆಂಟ್‌ಸಿ ಸ್ಲ್ಯಾಶ್ ಇನ್ಫೋ ಕೊಡಿ. ವಿಂಡೋಸ್ ಆರ್‌ಇ ಸ್ಟೇಟಸ್ ಮುಂದೆ ಎನೇಬಲ್ಡ್ ಎಂದಿರಬೇಕು, ಲೊಕೇಶನ್ ಮುಂದೆ ಪಾರ್ಟಿಶನ್ನಿನ ವಿಳಾಸ ಇರಬೇಕು. ನನ್ನ ಕೈಗೆ ಬರುವ ಹಲವು ಮಷಿನ್‌ಗಳಲ್ಲಿ ಡಿಸೇಬಲ್ಡ್, ಲೊಕೇಶನ್ ಖಾಲಿ. ಇದಕ್ಕೆ ಎರಡು ಕಾರಣ ಮತ್ತೆ ಮತ್ತೆ ಸಿಗುತ್ತವೆ. ಹಳೆ ಹಾರ್ಡ್‌ಡಿಸ್ಕ್ ತೆಗೆದು ಎಸ್ಎಸ್‌ಡಿ ಹಾಕಿಸಿದಾಗ ಬರೀ ಸಿ ಡ್ರೈವನ್ನು ಕ್ಲೋನ್ ಮಾಡಿ ರಿಕವರಿ ಪಾರ್ಟಿಶನ್ನನ್ನು ಹಳೆ ಡಿಸ್ಕಿನಲ್ಲೇ ಬಿಟ್ಟಿರುತ್ತಾರೆ. ಅಥವಾ ಜಾಗ ಉಳಿಯಲಿ ಎಂದು ಭಾಗಗಳನ್ನು ಕತ್ತರಿಸಿದ "ಲೈಟ್" ವಿಂಡೋಸ್ ಹಾಕಿರುತ್ತಾರೆ. ಅದರಲ್ಲಿ ರಿಕವರಿ ಹುಟ್ಟಿನಿಂದಲೇ ಇರುವುದಿಲ್ಲ. ಎಸ್ಎಸ್‌ಡಿ ಹಾಕಿಸುವಾಗ ಇಡೀ ಡಿಸ್ಕನ್ನು ಕ್ಲೋನ್ ಮಾಡಿರಿ ಎಂದು ಎದುರಿಗೆ ನಿಂತು ಹೇಳಿ.

ರೀಏಜೆಂಟ್‌ಸಿ ಸ್ಲ್ಯಾಶ್ ಎನೇಬಲ್ ಕೊಟ್ಟು ನೋಡಿ. ಯಶಸ್ವಿ ಎಂದರೆ ಆಯಿತು. ಇಮೇಜ್ ಸಿಗಲಿಲ್ಲ ಎಂದರೆ ನಿಮ್ಮದೇ ಆವೃತ್ತಿಯ ವಿಂಡೋಸ್ ಐಎಸ್‌ಒ (ಇನ್‌ಸ್ಟಾಲ್ ಮಾಡುವ ಇಡೀ ಡಿಸ್ಕಿನ ಫೈಲು) ಇಳಿಸಿ, ಸೋರ್ಸಸ್ ಫೋಲ್ಡರಿನ ಇನ್‌ಸ್ಟಾಲ್ ಫೈಲನ್ನು 7-ಜಿಪ್‌ನಲ್ಲಿ ತೆರೆಯಿರಿ. ಅದರೊಳಗೆ ವಿಂಡೋಸ್, ಸಿಸ್ಟಮ್32, ರಿಕವರಿ ಎಂದು ಹೋದರೆ ವಿನ್‌ಆರ್‌ಇ ಡಾಟ್ ವಿಮ್ ಇದೆ. ಅದನ್ನು ನಿಮ್ಮ ಸಿ ಡ್ರೈವಿನ ಅದೇ ಫೋಲ್ಡರಿಗೆ ಹಾಕಿ ಮತ್ತೆ ಎನೇಬಲ್ ಕೊಡಿ. ಆಗಲೂ ತಕರಾರು ಮಾಡಿದರೆ ಅಲ್ಲೇ ಇರುವ ರೀಏಜೆಂಟ್ ಎಕ್ಸ್‌ಎಂಎಲ್ ಫೈಲಿನ ಹೆಸರು ಬದಲಿಸಿ ಇನ್ನೊಮ್ಮೆ. ಹಳೆ ಡಿಸ್ಕಿನ ವಿಳಾಸವನ್ನು ಹಿಡಿದುಕೊಂಡು ಕೂತಿದ್ದ ಫೈಲು ಅದು.

ಬೇರೆ ರಿಕವರಿ ಪಾರ್ಟಿಶನ್ ಇಲ್ಲದಿದ್ದರೆ ವಿಂಡೋಸ್ ಅದನ್ನು ಸಿ ಡ್ರೈವಿನೊಳಗೇ ಇಟ್ಟುಕೊಳ್ಳುತ್ತದೆ, ಕೆಲಸವೂ ನಡೆಯುತ್ತದೆ. ಆದರೆ ಸಿ ಡ್ರೈವಿಗೆ ಬಿಟ್‌ಲಾಕರ್ ಇದ್ದರೆ ಒಪ್ಪುವುದಿಲ್ಲ. ಆಗ ಪ್ರತ್ಯೇಕ ಪಾರ್ಟಿಶನ್ ಬೇಕೇ ಬೇಕು.

ಪಾರ್ಟಿಶನ್ ಇದ್ದೂ ಜಾಗ ಸಾಲದಿರುವುದು ಇನ್ನೊಂದು ತೊಂದರೆ. 2024ರ ಜನವರಿ 9ರಂದು ವಿಂಡೋಸ್ 10ಕ್ಕೆ ಬಂದ ಕೆಬಿ5034441 ಅಪ್‌ಡೇಟ್ ಅನೇಕರಲ್ಲಿ 80070643 ಎಂಬ ಕೋಡಿನೊಂದಿಗೆ ಬಿದ್ದದ್ದು ಇದಕ್ಕೇ. ಬಿಟ್‌ಲಾಕರಿನ ಒಂದು ಭದ್ರತಾ ದೋಷವನ್ನು ಮುಚ್ಚಲು ರಿಕವರಿಯನ್ನೇ ಹೊಸದು ಮಾಡಬೇಕಿತ್ತು. ಆ ಪಾರ್ಟಿಶನ್ನಿನಲ್ಲಿ 250 ಎಂಬಿ ಖಾಲಿ ಇರಬೇಕೆಂಬುದು ಅದರ ಷರತ್ತು. ಜಾಗ ಹೆಚ್ಚಿಸಲು ಸಿ ಡ್ರೈವನ್ನು ಸ್ವಲ್ಪ ಕುಗ್ಗಿಸಿ ರಿಕವರಿ ಪಾರ್ಟಿಶನ್ನನ್ನು ಹೊಸದಾಗಿ ಮಾಡಬೇಕಾಗುತ್ತದೆ. ಬ್ಯಾಕಪ್ ಇಲ್ಲದೆ, ಯುಪಿಎಸ್ ಇಲ್ಲದೆ ಆ ಕೆಲಸಕ್ಕೆ ಕೈ ಹಾಕಬಾರದು. ಪಾರ್ಟಿಶನ್ ಬರೆಯುವಾಗ ಕರೆಂಟು ಹೋದರೆ ಎಲ್ಲ ಡೇಟಾ ಅಪಾಯಕ್ಕೆ ಬೀಳುತ್ತದೆ.

ಕೊನೆಗೆ ಪರೀಕ್ಷೆ. ಬಿಟ್‌ಲಾಕರ್ ಇದ್ದರೆ ಕೀಯನ್ನು ಕಾಗದದ ಮೇಲೆ ಬರೆದು ಲೆಕ್ಕದ ಕಡತದಲ್ಲಿ ಇಟ್ಟುಕೊಂಡು, ರೀಏಜೆಂಟ್‌ಸಿ ಸ್ಲ್ಯಾಶ್ ಬೂಟ್‌ಟುಆರ್‌ಇ ಕೊಟ್ಟು ರೀಸ್ಟಾರ್ಟ್ ಮಾಡಿ. ನೀಲಿ ಸ್ಕ್ರೀನಿನಲ್ಲಿ ಟ್ರಬಲ್‌ಶೂಟ್ ಬರಬೇಕು, ಮೌಸ್ ಓಡಬೇಕು, ಕಮಾಂಡ್ ಪ್ರಾಂಪ್ಟಿನಲ್ಲಿ ನಿಮ್ಮ ಡ್ರೈವ್ ಕಾಣಬೇಕು. ಮೂರೂ ಆದರೆ ಕಂಟಿನ್ಯೂ ಒತ್ತಿ ವಿಂಡೋಸಿಗೆ ಮರಳಿ. ಆ ಪೆನ್‌ಡ್ರೈವನ್ನು ಮಾತ್ರ ಅಳಿಸದೆ ಕ್ಯಾಬಿನೆಟ್ಟಿಗೆ ಟೇಪ್ ಹಚ್ಚಿ ಇಟ್ಟುಬಿಡಿ.